ಎಲಿಜಬೆತ್ ಫ್ರೈ ಅಮ್ಮನವರ ಚರಿತ್ರೆಯೂ ಒಂದು ಕೌದಿಯ ಕಥೆಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಕೌದಿಯ ಸಂಗತಿಯನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಹೊಲಿಗೆಯ ಕೊಠಡಿಯ ನೆಲದ ಮೇಲೆ ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಸುತ್ತಲೂ ಕುಳಿತು, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ನೂಲೋಡಿಸಿದ ನೆನಪು ಅವರಲ್ಲಿ ಅನೇಕರಿಗೆ ಇದ್ದೇ ಇರುವುದು. ಬೆರಳಿಗೆ ಸೂಜಿ ಚುಚ್ಚಿಕೊಂಡು ಅತ್ತವರೂ ಉಂಟು. ಹೊಲಿಗೆ ಓರೆಯಾಯಿತೆಂದು ಬಿಚ್ಚಿಸಿದಾಗ ಮುಖ ಊದಿಸಿಕೊಂಡವರೂ ಉಂಟು. ಹೀಗೆ ಸಿದ್ಧವಾದ ಕೌದಿಗಳನ್ನು ಚಳಿಗಾಲಕ್ಕೆ ಮುಂಚೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ಹಳ್ಳಿಗಳಿಗೆ ಒಯ್ದು ಇಲ್ಲದವರಿಗೆ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿಯಾಗಿದೆ. ಅದು ಮಳೆ ಕಡಿಮೆಯಾದ ಸೀಮೆ. ಕಲ್ಲುಗುಡ್ಡ, ಕುರುಚಲು ಕಾಡು, ನಡುವೆ ಮಳೆಯನ್ನೇ ನಂಬಿದ ಹೊಲಗಳು. ಕುರಿಯುಳ್ಳ ಮನೆಗೆ ಕಂಬಳಿಯ ಆಸರೆಯುಂಟು. ಕೂಲಿಯಿಂದಲೇ ಬಾಳುವ ಮನೆಗೆ ಮಾರ್ಗಶಿರ ಪುಷ್ಯಗಳ ರಾತ್ರಿಯಲ್ಲಿ ಕೌದಿಯೇ ಗತಿ.

ಕಳೆದ ಸಾರಿ ನಾವು ಅಲ್ಲಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣವಾಯಿತು. ಜಗಲಿಯ ಮೇಲೆ ಕುಳಿತಿದ್ದ ಒಬ್ಬ ವೃದ್ಧೆಗೆ ನಮ್ಮ ಹುಡುಗಿಯರು ಒಂದು ಕೌದಿಯನ್ನು ಕೊಟ್ಟರು. ಆ ಅಜ್ಜಿಯು ಅದನ್ನು ಹೊದೆಯಲಿಲ್ಲ. ಮಡಿಲಲ್ಲಿ ಹರಡಿಕೊಂಡು ಹೊಲಿಗೆಯ ಸಾಲುಗಳ ಮೇಲೆ ಬೆರಳಾಡಿಸಿದಳು. ಅಂಚು ಸಡಿಲವಾಗಿದ್ದಿತು, ಒಂದು ಮೂಲೆಯಲ್ಲಿ ಪದರಗಳು ಒಂದಕ್ಕೊಂದು ಕೂಡಿಯೇ ಇರಲಿಲ್ಲ. ನಮಗೆ ನಾಚಿಕೆಯಾಯಿತು. ಆಕೆಯಾದರೋ ಸೂಜಿದಾರವನ್ನು ಕೇಳಿ ಪಡೆದು, ನಾವು ಉಳಿದ ಮನೆಗಳನ್ನು ಮುಗಿಸಿ ಹಿಂದಿರುಗುವಷ್ಟರಲ್ಲಿ ಅಂಚನ್ನೆಲ್ಲಾ ಬಿಗಿಯಾಗಿ ಹೊಲಿದು, ನೀಟಾಗಿ ಮಡಿಸಿ, ಅದನ್ನು ಪಕ್ಕದ ಮನೆಯ ಬಾಣಂತಿಗೆ ಕಳುಹಿಸಿಬಿಟ್ಟಿದ್ದಳು. ಸೂಜಿಯನ್ನು ಮಾತ್ರ ತನ್ನಲ್ಲಿ ಇರಿಸಿಕೊಳ್ಳಬಹುದೇ ಎಂದು ವಿಚಾರಿಸಿದಳು.

ಹಿಂದಿರುಗುವ ದಾರಿಯಲ್ಲಿ ನಮ್ಮ ಮನಸ್ಸು ಆ ಸೂಜಿಯ ಕಡೆಗೇ ಹೋಗುತ್ತಿದ್ದಿತು. ಆ ತಾಯಿಗೆ ನಾವು ಹೊದಿಕೆ ಬೇಕೆಂದು ಎಣಿಸಿದ್ದೆವು. ಆಕೆಗೆ ಬೇಕಾಗಿದ್ದುದು ಕೊಡುವವಳಾಗುವ ಭಾಗ್ಯ. ಆಗ ನಮಗೆ ನೆನಪಾದವರು ನಾವು ಬಾಲ್ಯದಲ್ಲಿ ಪಾಠದ ಪುಸ್ತಕದಲ್ಲಿ ಸೆರೆಮನೆಯ ದೇವದೂತೆಯೆಂದು ಓದಿದ್ದ ಎಲಿಜಬೆತ್ ಫ್ರೈ ಅಮ್ಮನವರು. ಅವರ ಚರಿತ್ರೆಯನ್ನು ಎಲ್ಲರೂ ಬಲ್ಲರು. ಆದರೆ ಆ ಚರಿತ್ರೆಯೊಳಗೆ ತುಂಡುಬಟ್ಟೆಯ ಕೌದಿಯ ಕಥೆಯೊಂದು ಅಡಗಿರುವುದನ್ನು ಬಲ್ಲವರು ಕಡಿಮೆ. ಆದಕಾರಣ ಅದನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಎಲಿಜಬೆತಳು ೧೭೮೦ನೆಯ ಇಸವಿ ಮೇ ತಿಂಗಳ ೨೧ನೆಯ ತಾರೀಖು ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಜನಿಸಿದಳು. ತಂದೆಯಾದ ಜಾನ್ ಗರ್ನಿಯವರು ಉಣ್ಣೆಯ ನೂಲಿನ ವ್ಯಾಪಾರದಿಂದಲೂ ಲೇವಾದೇವಿಯಿಂದಲೂ ಐಶ್ವರ್ಯವಂತರಾಗಿದ್ದ ಮನೆತನದವರು; ತಾಯಿ ಕ್ಯಾಥರೀನರು ದೈವಭಕ್ತೆ. ಆ ಕುಟುಂಬವು ಕ್ವೇಕರರೆಂದು ಜನರು ಕರೆಯುವ ಸ್ನೇಹಿತರ ಸಭೆಗೆ ಸೇರಿದ್ದಾಗಿದ್ದಿತು. ಮಗಳು ಆರು ವರ್ಷದವಳಾಗಿದ್ದಾಗ ಅವರು ಪಟ್ಟಣದ ಹೊರಗಿನ ಅರ್ಲಮ್ ಎಂಬ ದೊಡ್ಡ ಮನೆಗೆ ಹೋಗಿ ನೆಲಸಿದರು. ತಾಯಿಯು ಬಡವರ ಮನೆಗಳಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯುತ್ತಿದ್ದರು. ಆದರೆ ಎಲಿಜಬೆತಳಿಗೆ ಹನ್ನೆರಡು ವರ್ಷ ತುಂಬಿದ ೧೭೯೨ರಲ್ಲಿ ಆ ತಾಯಿಯು ತೀರಿಕೊಂಡರು.

ಮುಂದೆ ಸಾವಿರಾರು ಮಂದಿಗೆ ಧೈರ್ಯ ಕೊಟ್ಟ ಈ ಬಾಲಿಕೆಯು ಚಿಕ್ಕಂದಿನಲ್ಲಿ ಬಹಳ ಹೆದರುಪುಕ್ಕಳಾಗಿದ್ದಳೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ಕತ್ತಲೆಂದರೆ ಆಕೆಗೆ ಭಯ, ಸಮುದ್ರವೆಂದರೆ ಭಯ. ದೇಹಪ್ರಕೃತಿಯೂ ಮೃದುವಾಗಿದ್ದಿತು, ಪಾಠದಲ್ಲಿ ಸೋದರಿಯರಿಗಿಂತ ಹಿಂದೆಂದು ಎಣಿಸಲ್ಪಟ್ಟಿದ್ದಳು. ಒಳ್ಳೆಯ ಉಡುಪಿನಲ್ಲಿ ಆಸೆಯೂ ಕಡಿಮೆಯಾಗಿರಲಿಲ್ಲ. ೧೭೯೮ನೆಯ ಫೆಬ್ರವರಿಯಲ್ಲಿ ನಾರಿಚ್ಚಿನ ಸಭಾಮಂದಿರಕ್ಕೆ ಆಕೆಯು ಕೆಂಪು ದಾರ ಕಟ್ಟಿದ ನೇರಳೆಬಣ್ಣದ ಜೋಡನ್ನು ಮೆಟ್ಟಿಕೊಂಡು ಹೋಗಿದ್ದಳಂತೆ. ಅಲ್ಲಿ ಅಮೆರಿಕದಿಂದ ಬಂದಿದ್ದ ವಿಲಿಯಂ ಸೇವರಿ ಎಂಬವರ ಉಪದೇಶವು ಆಕೆಯ ಹೃದಯವನ್ನು ಮುಟ್ಟಿತು. ಅಂದು ಆಕೆಗೆ ಹದಿನೇಳು ವರ್ಷ. ಆ ಮೇಲೆ ಬಣ್ಣದ ಉಡುಪು ಮೆಲ್ಲಮೆಲ್ಲನೆ ದೂರವಾಯಿತು. ಅರ್ಲಮ್ಮಿನ ಮನೆಯಲ್ಲಿ ಬಡವರ ಮಕ್ಕಳಿಗೆ ಓದು ಕಲಿಸುವ ತರಗತಿ ಆರಂಭವಾಯಿತು. ಒಬ್ಬಿಬ್ಬರಿಂದ ಮೊದಲಾದುದು ಎಪ್ಪತ್ತಕ್ಕೆ ಮೀರಿತು. ಉಪಾಧ್ಯಾಯಿನಿಯ ಕೆಲಸವೇ ಆಕೆಯ ಸೇವೆಯ ಮೊದಲ ಮೆಟ್ಟಲಾಗಿದ್ದಿತೆಂಬುದು ನಮ್ಮಂಥವರಿಗೆ ಸಂತೋಷದ ವಿಷಯವು.

೧೮೦೦ನೆಯ ಆಗಸ್ಟ್ ತಿಂಗಳಲ್ಲಿ ಆಕೆಯು ಲಂಡನ್ನಿನ ವರ್ತಕರಾದ ಜೋಸೆಫ್ ಫ್ರೈ ಎಂಬವರನ್ನು ಮದುವೆಯಾಗಿ ಆ ಮಹಾನಗರದ ನಡುವಣ ಮಿಲ್ಡ್ರೆಡ್ಸ್ ಕೋರ್ಟ್ ಎಂಬ ಮನೆಗೆ ಬಂದಳು. ಇನ್ನು ಮುಂದೆ ಅವರನ್ನು ಫ್ರೈ ಅಮ್ಮನವರೆಂದೇ ಕರೆಯೋಣ. ಅವರಿಗೆ ಹನ್ನೊಂದು ಮಂದಿ ಮಕ್ಕಳಾದರು. ಬಂಧುಗಳ ಓಡಾಟ, ಅತಿಥಿಗಳ ಉಪಚಾರ, ಹೆರಿಗೆ, ಮಕ್ಕಳ ಕಾಯಿಲೆ ಇವುಗಳ ನಡುವೆ ತಮ್ಮ ಜೀವಮಾನವು ಯಾರಿಗೂ ಪ್ರಯೋಜನವಾಗದೆ ಕಳೆದುಹೋಗುತ್ತಿದೆಯಲ್ಲಾ ಎಂಬ ಕೊರಗು ಅವರ ದಿನಚರಿಯಲ್ಲಿ ಕಂಡುಬರುತ್ತದೆ. ಮನೆಗೆಲಸದಲ್ಲಿ ಮುಳುಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಕೊರಗನ್ನು ಅರಿಯದವರಲ್ಲ.

೧೮೧೩ರ ಕಡುಚಳಿಯಲ್ಲಿ ಸ್ಟೀಫನ್ ಗ್ರೆಲೆಟ್ ಎಂಬ ಫ್ರೆಂಚ್ ವಂಶದ ಸಭಾಸೇವಕರು ನ್ಯೂಗೇಟ್ ಎಂಬ ಸೆರೆಮನೆಯನ್ನು ನೋಡಿ ಬಂದು, ಅಲ್ಲಿಯ ಸ್ತ್ರೀಯರ ಕೋಣೆಗಳಲ್ಲಿ ಆಗತಾನೆ ಹುಟ್ಟಿದ ಕೂಸುಗಳು ಮೈಮೇಲೆ ಬಟ್ಟೆಯಿಲ್ಲದೆ ಇರುವುದನ್ನು ಅಮ್ಮನವರಿಗೆ ತಿಳಿಸಿದರು. ಅಮ್ಮನವರು ತಡಮಾಡಲಿಲ್ಲ. ಫ್ಲಾನೆಲ್ ಬಟ್ಟೆಯನ್ನು ತರಿಸಿ, ಗೆಳತಿಯರನ್ನು ಕೂಡಿಸಿ, ಕೂಸುಗಳಿಗೆ ಅಂಗಿಗಳನ್ನು ಹೊಲಿದು, ಆನಾ ಬಕ್ಸ್‌ಟನ್ ಎಂಬಾಕೆಯನ್ನು ಜೊತೆಗೂಡಿಕೊಂಡು ನ್ಯೂಗೇಟಿಗೆ ಹೋದರು. ಕಾವಲುಗಾರರೇ ಒಳಗೆ ಹೋಗಲು ಅಂಜುತ್ತಿದ್ದ ಸ್ಥಳವದು. ನಾಲ್ಕು ಕೋಣೆಗಳಲ್ಲಿ ಸುಮಾರು ಮುನ್ನೂರು ಮಂದಿ ಸ್ತ್ರೀಯರು, ಅವರೊಡನೆ ಮಕ್ಕಳು; ವಿಚಾರಣೆ ಮುಗಿದವರೂ ಮುಗಿಯದವರೂ ಒಟ್ಟಿಗೆ; ಅಡಿಗೆ, ಒಗೆತ, ನಿದ್ರೆ ಎಲ್ಲವೂ ಒಂದೇ ನೆಲದ ಮೇಲೆ; ಹಾಸಿಗೆ ಹೊದಿಕೆಗಳೆಂಬುವು ಇರಲೇ ಇಲ್ಲ. ಅಮ್ಮನವರು ಕಾಯಿಲೆಯವರಿಗೆ ಹೊಸ ಹುಲ್ಲನ್ನು ಹಾಸಿಸಿ, ಕೂಸುಗಳಿಗೆ ತಮ್ಮ ಕೈಯಿಂದ ಬಟ್ಟೆ ತೊಡಿಸಿದರು. ಹೀಗೆ ಮೂರು ಸಾರಿ ಹೋಗಿ ಬಂದರು.

ಇದು ಒಳ್ಳೆಯ ಕೆಲಸವಲ್ಲವೆಂದು ಯಾರು ಹೇಳಬಲ್ಲರು? ಯೊಪ್ಪ ಪಟ್ಟಣದ ದೊರ್ಕಳು ವಿಧವೆಯರಿಗೆ ಅಂಗಿಗಳನ್ನು ಹೊಲಿದುಕೊಟ್ಟ ಸಂಗತಿಯನ್ನು ಸತ್ಯವೇದದಲ್ಲಿ ಓದಿದವರಿಗೆ ಇದರ ಬೆಲೆ ತಿಳಿದಿದೆ. ಆದರೆ ಬಟ್ಟೆಯು ಹರಿಯುತ್ತದೆ, ಹುಲ್ಲು ಕೊಳೆಯುತ್ತದೆ. ಕೊಟ್ಟವರು ಹೊರಟುಹೋದ ಮೇಲೆ ಆ ಕೋಣೆಯು ಮೊದಲಿನಂತೆಯೇ ಆಯಿತು. ಅಮ್ಮನವರ ಮನೆಯಲ್ಲಿಯೂ ಕಷ್ಟಗಳು ಒದಗಿದುವು. ೧೮೧೫ರಲ್ಲಿ ಅವರ ಹೆಸರನ್ನೇ ಹೊತ್ತಿದ್ದ ಚಿಕ್ಕ ಮಗಳು ಬೆಟ್ಸಿಯು ತೀರಿಕೊಂಡಳು. ಸುಮಾರು ನಾಲ್ಕು ವರ್ಷಗಳ ಮೇಲೆ, ೧೮೧೬ರ ಕೊನೆಯಲ್ಲಿ, ಅವರು ಮತ್ತೆ ನ್ಯೂಗೇಟಿನ ಬಾಗಿಲಿಗೆ ಬಂದಾಗ ಕೈಯಲ್ಲಿ ಬಟ್ಟೆಯ ಗಂಟು ಇರಲಿಲ್ಲ. ಮನಸ್ಸಿನಲ್ಲಿ ಬೇರೆ ಯೋಚನೆಯಿದ್ದಿತು.

ತಮ್ಮನ್ನು ಒಬ್ಬರನ್ನೇ ಆ ಸ್ತ್ರೀಯರೊಡನೆ ಬಿಡಬೇಕೆಂದು ಅಧಿಕಾರಿಗಳನ್ನು ಬೇಡಿಕೊಂಡು ಒಳಹೊಕ್ಕು, ದ್ರಾಕ್ಷೇತೋಟಕ್ಕೆ ಕಡೆಯ ಗಳಿಗೆಯಲ್ಲಿ ಬಂದ ಕೂಲಿಯಾಳುಗಳ ಸಾಮ್ಯವನ್ನು ಓದಿ ಹೇಳಿದರು. ಅನಂತರ ಅವರ ಮಕ್ಕಳಿಗಾಗಿ ಒಂದು ಶಾಲೆಯನ್ನು ಇಡೋಣವೇ ಎಂದು ತಾಯಂದಿರನ್ನೇ ಕೇಳಿದರು. ಅಪ್ಪಣೆ ಮಾಡಲಿಲ್ಲ, ಕೇಳಿದರು. ಈ ಭೇದವನ್ನು ನಾವು ಮರೆಯಬಾರದು. ತಾಯಂದಿರು ಕಣ್ಣೀರಿನೊಡನೆ ಒಪ್ಪಿದರು. ಉಪಾಧ್ಯಾಯಿನಿಯು ಯಾರಾಗಬೇಕೆಂಬುದನ್ನೂ ಅವರೇ ಆರಿಸಿದರು. ಗಡಿಯಾರವೊಂದನ್ನು ಕದ್ದ ಅಪರಾಧಕ್ಕಾಗಿ ಸೆರೆಯಲ್ಲಿದ್ದ ಮೇರಿ ಕಾನರ್ ಎಂಬ ಓದುಬರಹ ಬಲ್ಲ ತರುಣಿಯು ಹೀಗೆ ಶಿಕ್ಷಕಿಯಾದಳು. ಒಂದು ಖಾಲಿ ಕೋಣೆಯಲ್ಲಿ ಶಾಲೆಯು ತೆರೆಯಿತು. ಸ್ಥಳವು ಮಕ್ಕಳಿಗೇ ಸಾಲದು. ಬಾಗಿಲಲ್ಲಿ ದೊಡ್ಡವರು ನಿಂತು ತಮಗೂ ಕಲಿಸಬೇಕೆಂದು, ತಮಗೂ ಏನಾದರೂ ಕೈಗೆಲಸ ಕೊಡಬೇಕೆಂದು ಬೇಡತೊಡಗಿದರು. ಅವರ ದುರ್ಗುಣಗಳಲ್ಲಿ ಬಹುಭಾಗವು ಕೈಗೆ ಕೆಲಸವಿಲ್ಲದುದರ ಫಲವೆಂದು ಅಮ್ಮನವರು ಆಗ ಕಂಡುಕೊಂಡರು.

೧೮೧೭ನೆಯ ಏಪ್ರಿಲ್ ತಿಂಗಳಲ್ಲಿ ಹನ್ನೆರಡು ಮಂದಿ ಸ್ತ್ರೀಯರು ಕೂಡಿ ನ್ಯೂಗೇಟಿನ ಸೆರೆಯ ಸ್ತ್ರೀಯರ ಸುಧಾರಣೆಗಾಗಿ ಒಂದು ಸಂಘವನ್ನು ಕಟ್ಟಿದರು. ಅಧಿಕಾರಿಗಳು ನಂಬಲಿಲ್ಲ, ಕೊಟ್ಟ ಬಟ್ಟೆಯನ್ನು ಆ ಹೆಂಗಸರು ಕದ್ದು ಮಾರಿಕೊಳ್ಳುವರೆಂದು ಅವರ ಅಭಿಪ್ರಾಯ. ಅಮ್ಮನವರು ಸೆರೆಯವರನ್ನೆಲ್ಲಾ ಸೇರಿಸಿ, ಜೂಜು, ಬೈಗುಳ, ಜಗಳ, ಭಿಕ್ಷೆ ಇವುಗಳನ್ನು ಬಿಡಬೇಕೆಂಬ ನಿಯಮಗಳನ್ನು ಒಂದೊಂದಾಗಿ ಓದಿಸಿ, ಪ್ರತಿಯೊಂದಕ್ಕೂ ಅವರವರ ಕೈಯೆತ್ತಿಸಿ ಒಪ್ಪಿಗೆ ಪಡೆದರು. ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾಗಿ, ಪ್ರತಿ ಗುಂಪಿಗೂ ಅವರಲ್ಲಿಯೇ ಒಬ್ಬಳು ಮುಖ್ಯಳಾಗಿ, ಹೊಲಿಗೆಯೂ ಹೆಣಿಗೆಯೂ ಆರಂಭವಾದುವು. ಬೇಕಾದ ತುಂಡುಬಟ್ಟೆ ಎಲ್ಲಿಂದ? ಲಂಡನ್ನಿನಲ್ಲಿದ್ದ ಮ್ಯಾಂಚೆಸ್ಟರಿನ ಬಟ್ಟೆಯ ವರ್ತಕರನ್ನು ಬೇಡಿದಾಗ ಅವರು ಬಣ್ಣಬಣ್ಣದ ಹತ್ತಿಬಟ್ಟೆಯ ತುಂಡುಗಳನ್ನು ಧಾರಾಳವಾಗಿ ಕೊಟ್ಟರು. ಮಾರಲಾರದ ಆ ತುಂಡುಗಳು ಬೇಡವಾದ ಆ ಸ್ತ್ರೀಯರ ಕೈಗೆ ಬಂದು ಹೊದಿಕೆಗಳಾದುವು. ಸುಮಾರು ಹತ್ತು ತಿಂಗಳಲ್ಲಿ ಆ ಸೆರೆಮನೆಯಿಂದ ಹೊಲಿದು ಬಂದ ಉಡುಪುಗಳು ಹತ್ತಿರ ಹತ್ತಿರ ೨೦,೦೦೦. ೧೮೧೮ನೆಯ ಫೆಬ್ರವರಿಯಲ್ಲಿ ಅಮ್ಮನವರು ಪಾರ್ಲಿಮೆಂಟಿನ ವಿಚಾರಣಾ ಸಮಿತಿಯ ಮುಂದೆ ನಿಂತು ಈ ಲೆಕ್ಕವನ್ನು ಒಪ್ಪಿಸಿದರು. ಆ ಕಾಲದಲ್ಲಿ ಒಬ್ಬ ಗೃಹಿಣಿಯನ್ನು ಅಂಥ ಸಮಿತಿಯು ಕರೆಯಿಸಿ ಕೇಳಿದ್ದೇ ಒಂದು ಹೊಸ ಸಂಗತಿ.

ಅಮ್ಮನವರ ಪ್ರಯತ್ನವೆಲ್ಲವೂ ಫಲಿಸಿತೆಂದು ಯಾರೂ ತಿಳಿಯಬಾರದು. ಅದೇ ೧೮೧೮ರಲ್ಲಿ ಖೋಟಾ ನೋಟನ್ನು ಚಲಾಯಿಸಿದ ಅಪರಾಧಕ್ಕಾಗಿ ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಬಡ ಹೆಂಗಸಿಗೆ ಗಲ್ಲಿನ ಶಿಕ್ಷೆಯಾಯಿತು. ಆಕೆಯ ಪ್ರಾಣವನ್ನು ಉಳಿಸಬೇಕೆಂದು ಅಮ್ಮನವರು ದೊಡ್ಡ ದೊಡ್ಡವರ ಬಾಗಿಲು ತಟ್ಟಿದರು. ಮಂತ್ರಿಗಳಾದ ಲಾರ್ಡ್ ಸಿಡ್‌ಮತ್ತರ ಕೋಪಕ್ಕೂ ಗುರಿಯಾದರು. ಸ್ಕೆಲ್ಟನಳನ್ನು ಗಲ್ಲಿಗೇರಿಸಿಯೇ ಬಿಟ್ಟರು. ಕಾಲದ ಗತಿಯನ್ನು ನೋಡಿರಿ: ಖೋಟಾ ನೋಟಿನವರನ್ನು ಹಿಡಿಹಿಡಿದು ನ್ಯಾಯಸ್ಥಾನಕ್ಕೆ ಎಳೆಯುತ್ತಿದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ೨೦೦೨ರಲ್ಲಿ ಹೊರಡಿಸಿದ ಐದು ಪೌಂಡಿನ ನೋಟಿನ ಮೇಲೆ ಫ್ರೈ ಅಮ್ಮನವರು ನ್ಯೂಗೇಟಿನಲ್ಲಿ ಓದಿ ಹೇಳುತ್ತಿರುವ ಚಿತ್ರವನ್ನು ಅಚ್ಚು ಹಾಕಿಸಿತು. ಆ ನೋಟು ೨೦೧೭ರ ವರೆಗೆ ಚಲಾವಣೆಯಲ್ಲಿದ್ದಿತು.

ಈಗ ಹಡಗುಗಳ ಸಂಗತಿಗೆ ಬರೋಣ. ಆ ದಿನಗಳಲ್ಲಿ ಸಣ್ಣಪುಟ್ಟ ಕಳವಿಗೂ ಏಳು ವರ್ಷವೋ ಹದಿನಾಲ್ಕು ವರ್ಷವೋ ಸಮುದ್ರದಾಚೆಯ ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡುತ್ತಿದ್ದರು. ಹೊರಡುವ ಹಿಂದಿನ ರಾತ್ರಿ ನ್ಯೂಗೇಟಿನ ಸ್ತ್ರೀಯರು ಹತಾಶೆಯಿಂದ ಕಿಟಕಿ ಕುರ್ಚಿಗಳನ್ನು ಮುರಿದು ದೊಂಬಿ ಮಾಡುವುದು ವಾಡಿಕೆಯಾಗಿದ್ದಿತು. ಬೆಳಗಾದರೆ ತೆರೆದ ಗಾಡಿಗಳಲ್ಲಿ, ಜನರ ಕೂಗಾಟ ಕಲ್ಲೆಸೆತಗಳ ನಡುವೆ, ಅವರನ್ನು ಹಡಗಿಗೆ ಸಾಗಿಸುತ್ತಿದ್ದರು. ೧೮೧೮ರಲ್ಲಿ ಅಮ್ಮನವರು ಮುಚ್ಚಿದ ಬಾಡಿಗೆ ಗಾಡಿಗಳನ್ನು ಗೊತ್ತುಮಾಡಿಸಿ, ತಾವೇ ಅವರ ಹಿಂದೆ ಹೋಗಿ ಹಡಗು ಹತ್ತಿಸುವುದಾಗಿ ಮಾತು ಕೊಟ್ಟರು. ಆ ಸಾರಿ ದೊಂಬಿಯಾಗಲಿಲ್ಲ. ಮರಿಯಾ ಎಂಬ ಆ ಹಡಗಿನಲ್ಲಿ ೧೨೮ ಮಂದಿ ಸೆರೆಯ ಸ್ತ್ರೀಯರಿದ್ದರು. ಹಡಗು ನದಿಯಲ್ಲಿ ಲಂಗರು ಹಾಕಿದ್ದ ವಾರಗಳಲ್ಲಿ ಅಮ್ಮನವರು ಹೋಗಿಬಂದು ಅವರನ್ನು ಗುಂಪುಗಳಾಗಿ ವಿಂಗಡಿಸಿ, ಮಕ್ಕಳಿಗೆ ಹಡಗಿನಲ್ಲಿಯೇ ಶಾಲೆಯೊಂದನ್ನು ಏರ್ಪಡಿಸಿದರು. ಸಮುದ್ರವೆಂದರೆ ಹೆದರುತ್ತಿದ್ದ ಆ ಬಾಲಿಕೆಯೇ ಈಗ ದೋಣಿಯಿಂದ ಹಡಗಿಗೆ, ಹಡಗಿನಿಂದ ದೋಣಿಗೆ ಹತ್ತಿಳಿಯುತ್ತಿದ್ದರು.

ತಿಂಗಳುಗಟ್ಟಲೆಯ ಆ ಪ್ರಯಾಣದಲ್ಲಿ ಕೈಗೆ ಕೆಲಸ ಬೇಡವೇ? ಅದಕ್ಕಾಗಿ ಪ್ರತಿಯೊಬ್ಬ ಸ್ತ್ರೀಗೂ ಒಂದೊಂದು ಚೀಲವನ್ನು ಕೊಡುವ ಪದ್ಧತಿಯು ಬೆಳೆಯಿತು. ನೂರು ಸೂಜಿಗಳು, ಗುಂಡುಸೂಜಿಗಳು, ಬಿಳಿಯ ದಾರದ ಉಂಡೆಗಳು, ಬಣ್ಣದ ದಾರದ ೨೪ ಲಡಿಗಳು, ಬೆರಳಿಗೆ ತೊಡುವ ಅಂಗುಸ್ತಾನ, ಕತ್ತರಿ, ಎರಡು ಪೌಂಡು ತೂಕದ ತುಂಡುಬಟ್ಟೆ ಇವೆಲ್ಲಾ ಅದರಲ್ಲಿದ್ದುವು. ಜೊತೆಗೆ ಸತ್ಯವೇದದ ಒಂದು ಪ್ರತಿ. ಎರಡು ಪೌಂಡೆಂದರೆ ನಮ್ಮ ಲೆಕ್ಕದಲ್ಲಿ ಒಂದು ಕಿಲೋಗ್ರಾಮಿಗೆ ತುಸು ಕಡಿಮೆ. ಹಡಗು ಇಳಿಯುವ ಹೊತ್ತಿಗೆ ಆಕೆಯ ಬಳಿ ಮಾರಬಹುದಾದ ಒಂದು ಕೌದಿಯಿರುತ್ತಿದ್ದಿತು; ಗುರುತು ಪರಿಚಯವಿಲ್ಲದ ನಾಡಿನಲ್ಲಿ ಅದು ಮೊದಲ ಕೆಲವು ದಿನಗಳ ಅನ್ನ. ದಾರಿಯಲ್ಲಿ ರಿಯೋ ಡಿ ಜನೈರೋ ರೇವಿನಲ್ಲಿಯೇ ಒಂದೊಂದು ಗಿನಿಗೆ ಕೌದಿಗಳನ್ನು ಮಾರಿದವರೂ ಇದ್ದರು. ಕೌದಿಗಿಂತಲೂ ಹೆಚ್ಚಾದುದು ಕೈಯಲ್ಲಿ ನೆಲೆಗೊಂಡ ಕಸುಬು. ಅಮ್ಮನವರ ಜೀವಮಾನದಲ್ಲಿ ಅವರ ಸಂಘವು ಹೀಗೆ ೧೦೬ ಹಡಗುಗಳನ್ನೂ ಸುಮಾರು ೧೨,೦೦೦ ಮಂದಿ ಸ್ತ್ರೀಯರನ್ನೂ ಕಂಡು ಬೀಳ್ಕೊಟ್ಟಿತೆಂದು ಲೆಕ್ಕವಿದೆ.

ಉಳಿದ ಸೇವೆಗಳನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇವೆ. ೧೮೧೯-೨೦ರ ಚಳಿಗಾಲದಲ್ಲಿ ಮನೆಯಿಲ್ಲದ ಹುಡುಗನೊಬ್ಬನು ಲಂಡನ್ನಿನ ಬೀದಿಯಲ್ಲಿ ಸೆಡೆತು ಸತ್ತುದನ್ನು ಕೇಳಿ ಅಮ್ಮನವರು ರಾತ್ರಿಯ ತಂಗುದಾಣವನ್ನು ತೆರೆಯಿಸಿದರು. ೧೮೨೧ರಲ್ಲಿ ಅವರ ಸಂಘವು ದೇಶವ್ಯಾಪಿಯಾಯಿತು. ೧೮೨೩ರ ಸೆರೆಮನೆಯ ಕಾಯಿದೆಯು ಸ್ತ್ರೀಬಂದಿಗಳ ಮೇಲ್ವಿಚಾರಣೆಗೆ ಸ್ತ್ರೀಯರನ್ನೇ ನೇಮಿಸಬೇಕೆಂದು ವಿಧಿಸಿತು. ಕಡಲತೀರದ ಕಾವಲುಗಾರರಿಗೆ ಪುಸ್ತಕಭಂಡಾರಗಳು ಏರ್ಪಟ್ಟುವು. ೧೮೪೦ರಲ್ಲಿ ದಾದಿಯರನ್ನು ತರಬೇತುಗೊಳಿಸುವ ಒಂದು ಸಂಸ್ಥೆಯೂ ಅವರಿಂದ ಹುಟ್ಟಿತು.

ಆದರೆ ೧೮೨೮ನೆಯ ವರ್ಷವನ್ನು ಬಿಟ್ಟು ಈ ಚರಿತ್ರೆಯನ್ನು ಹೇಳುವುದು ನ್ಯಾಯವಲ್ಲ. ಆ ವರ್ಷ ಪತಿಯ ಬ್ಯಾಂಕು ದಿವಾಳಿಯಾಯಿತು. ಇಪ್ಪತ್ತು ವರ್ಷ ಬಾಳಿದ ಪ್ಲಾಷೆಟ್ಟಿನ ಮನೆಯನ್ನು ಬಿಡಬೇಕಾಯಿತು; ಸಾಲ ತೀರಿಸಲಾರದುದಕ್ಕಾಗಿ ಪತಿಯನ್ನು ಅವರ ಸಭೆಯೇ ಹೊರಗೆ ಹಾಕಿತು. ಸೆರೆಯವರ ಹಣದಿಂದ ಮನೆ ನಡೆಸಿದರೆಂದು ಅಪವಾದ ಹೊರಿಸಿದವರೂ ಇದ್ದರು. ಊರಿನ ಸೆರೆಮನೆಗಳನ್ನು ತಿರುಗುತ್ತಾ ಸ್ವಂತ ಮಕ್ಕಳನ್ನು ಕಡೆಗಣಿಸಿದರೆಂದು ಮೊದಲಿನಿಂದಲೂ ಆಡಿಕೊಳ್ಳುವವರಿದ್ದರು. ಸೋದರನಾದ ಜೋಸೆಫ್ ಜಾನ್ ಗರ್ನಿಯವರ ಸಹಾಯದಿಂದ ಅಪ್ಟನ್ ಲೇನಿನ ಸಣ್ಣ ಮನೆಯೊಂದರಲ್ಲಿ ಸಂಸಾರವು ನೆಲೆಗೊಂಡಿತು. ಕೊಡುವ ಕೈಯಾಗಿದ್ದವರು ಈಗ ಪಡೆಯುವ ಕೈಯಾದರು. ಆದರೂ ಅಮ್ಮನವರು ಕೆಲಸವನ್ನು ಬಿಡಲಿಲ್ಲ. ಕೈಯೊಡ್ಡುವವರ ಮನಸ್ಸಿನಲ್ಲಿ ಆಗುವ ಸಂಕಟವನ್ನು ಅವರು ಇದರಿಂದ ಇನ್ನೂ ಹತ್ತಿರದಿಂದ ಅರಿತರೆಂದೇ ನಾವು ನಂಬುತ್ತೇವೆ. ಮುಂದೆ ೧೮೪೨ರಲ್ಲಿ ಪ್ರಷ್ಯಾ ದೇಶದ ಅರಸನೇ ಅವರೊಡನೆ ನ್ಯೂಗೇಟನ್ನು ಸಂದರ್ಶಿಸಿ, ಆ ಸಣ್ಣ ಮನೆಯಲ್ಲಿ ಊಟಕ್ಕೆ ಕುಳಿತನು.

ಇನ್ನು ಆ ಒಂದು ಕೌದಿಯ ಸಂಗತಿ. ೧೮೪೧ನೆಯ ಏಪ್ರಿಲ್ ತಿಂಗಳ ೫ನೆಯ ತಾರೀಖು ವುಲಿಚ್ಚಿನಿಂದ ೧೮೦ ಮಂದಿ ಸೆರೆಯ ಸ್ತ್ರೀಯರನ್ನು ಹೊತ್ತು ಒಂದು ಹಡಗು ಹೊರಟಿತು. ಅದರ ಹೆಸರು ರಾಜಾ. ನಮ್ಮ ದೇಶದ ಮಾತೇ. ಅವರ ಮೇಲ್ವಿಚಾರಕಿಯಾಗಿ ಹೋದವಳು ಕೆಜಿಯಾ ಹೇಟರ್ ಎಂಬ ಇಪ್ಪತ್ತಮೂರು ವರ್ಷದ ತರುಣಿ. ಅಮ್ಮನವರ ಸಂಘವೇ ಆಕೆಯನ್ನು ಕಳುಹಿಸಿದ್ದಿತು. ಆ ಮೂರುವರೆ ತಿಂಗಳ ಕಡಲ ಪ್ರಯಾಣದಲ್ಲಿ ಕೆಲವರು ತಮಗೆ ಸಿಕ್ಕಿದ ತುಂಡುಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಕೌದಿಯನ್ನು ಹೊಲಿದರು. ಅದರಲ್ಲಿರುವ ತುಂಡುಗಳು ೨,೮೧೫. ಉದ್ದಗಲಗಳು ಮೂರು ಮೀಟರಿಗೂ ಮಿಗಿಲು. ನಡುವೆ ಛೀಟಿನ ಬಟ್ಟೆಯಿಂದ ಕತ್ತರಿಸಿ ಹಚ್ಚಿದ ಹಕ್ಕಿ ಹೂವುಗಳು, ಸುತ್ತಲೂ ಚೌಕಟ್ಟಿನ ಮೇಲೆ ಚೌಕಟ್ಟಾಗಿ ಸಣ್ಣ ಸಣ್ಣ ತುಂಡುಗಳು. ಛೀಟು ಎಂಬ ಬಟ್ಟೆಯನ್ನೂ ಆ ಹೆಸರನ್ನೂ ಆಂಗ್ಲೇಯರು ನಮ್ಮ ದೇಶದಿಂದಲೇ ಪಡೆದವರೆಂಬುದನ್ನು ಇಲ್ಲಿ ನೆನೆಯಬಹುದು. ಕೆಲವು ಹೊಲಿಗೆಗಳು ನುರಿತ ಕೈಯವು, ಕೆಲವು ಆಗತಾನೆ ಕಲಿತ ಕೈಯವು. ಬೆರಳಿನಿಂದ ಒಸರಿದ ರಕ್ತದ ಕಲೆಗಳೂ ಅದರಲ್ಲಿವೆ.

ಆ ಕೌದಿಯ ಅಂಚಿನಲ್ಲಿ ದಾರದಿಂದ ಹೊಲಿದ ಕೆಲವು ಸಾಲುಗಳ ಬರಹವುಂಟು. ಅದರ ಭಾವವೇನೆಂದರೆ: ಹಡಗಿನ ಸಮಿತಿಯ ಅಮ್ಮನವರುಗಳು ತಮಗೆ ತೋರಿದ ದಯೆಯನ್ನು ನೆನೆದು ಕೃತಜ್ಞತೆಯ ಗುರುತಾಗಿ ಇದನ್ನು ಅವರಿಗೆ ಅರ್ಪಿಸಿದ್ದೇವೆ, ಕೆಲಸಗಾರರಾಗಿರಬೇಕೆಂದು ಅವರು ಹೇಳಿದ ಬುದ್ಧಿಯನ್ನು ಮರೆತಿಲ್ಲವೆಂಬುದಕ್ಕೂ ಇದೇ ಸಾಕ್ಷಿ. ತಾರೀಖು ೧೮೪೧ನೆಯ ಜೂನ್. ಜುಲೈ ೧೯ರಂದು ಹಡಗು ಹೋಬಾರ್ಟ್ ರೇವನ್ನು ಮುಟ್ಟಿತು. ಈ ಕೌದಿಯನ್ನು ಅವರು ಮಾರಿಕೊಳ್ಳಬಹುದಾಗಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ತಮ್ಮದೆನ್ನಲು ಏನೂ ಇಲ್ಲದಿದ್ದ ಆ ಸ್ತ್ರೀಯರು ಕೊಡುವವರಾಗಲು ಮನಸ್ಸು ಮಾಡಿದರು. ಸೂಜಿಯನ್ನು ಕೊಟ್ಟವರಿಗೆ ಕೌದಿಯು ಹಿಂದಿರುಗಿತು.

ಮುಂದೆ ಅದು ಬ್ರಿಟನ್ನಿಗೆ ಹೋಗಿ, ಬಹುಕಾಲ ಯಾರ ನೆನಪಿಗೂ ಬಾರದೆ, ೧೯೮೭ರಲ್ಲಿ ಸ್ಕಾಟ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ೧೯೮೯ರಲ್ಲಿ ಕ್ಯಾನ್‌ಬೆರಾ ನಗರದಲ್ಲಿರುವ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಗೆ ಸೇರಿತು. ಬೆಳಕಿಗೆ ಬಣ್ಣ ಕೆಡುವುದೆಂದು ಅದನ್ನು ಅಪರೂಪವಾಗಿ ಮಾತ್ರ ಹೊರಗೆ ತೆಗೆದು ತೋರಿಸುತ್ತಾರೆ. ಸೆರೆಯ ಸ್ತ್ರೀಯರು ಹಡಗಿನಲ್ಲಿ ಹೊಲಿದ ಕೌದಿಗಳಲ್ಲಿ ಇಂದಿಗೆ ಉಳಿದು ತಿಳಿದಿರುವುದು ಅದೊಂದೇ. ಹೊಲಿದವರ ಹೆಸರುಗಳು ಅದರ ಮೇಲೆ ಇಲ್ಲ.

ಫ್ರೈ ಅಮ್ಮನವರು ೧೮೪೫ನೆಯ ಅಕ್ಟೋಬರ್ ೧೨ರಂದು ಕಡಲತೀರದ ರಾಮ್ಸ್‌ಗೇಟ್ ಎಂಬ ಊರಿನಲ್ಲಿ ತಮ್ಮ ೬೫ನೆಯ ವಯಸ್ಸಿನಲ್ಲಿ ದೇವರ ಸನ್ನಿಧಿಯನ್ನು ಸೇರಿದರು. ಬಾರ್ಕಿಂಗಿನ ಸಮಾಧಿಭೂಮಿಯಲ್ಲಿ ಸಾವಿರಕ್ಕೂ ಮಿಗಿಲಾದ ಜನರು ಅವರ ಸಭೆಯ ಪದ್ಧತಿಯಂತೆ ಮೌನವಾಗಿ ನಿಂತಿದ್ದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕ ಮಹಾಶಯರೇ, ಈ ಚರಿತ್ರೆಯಿಂದ ನಾವು ಕಲಿತುದು ಇಷ್ಟು. ೧೮೧೩ರಲ್ಲಿ ಅಮ್ಮನವರು ಬಟ್ಟೆಯನ್ನು ಕೊಟ್ಟರು. ೧೮೧೭ರಲ್ಲಿ ಸೂಜಿಯನ್ನು ಕೊಟ್ಟರು. ಮೊದಲನೆಯದು ಬೇಡವೆಂದಲ್ಲ. ಚಳಿಯಲ್ಲಿ ನಡುಗುವ ಕೂಸಿಗೆ ಮೊದಲು ಹೊದಿಕೆಯೇ ಬೇಕು, ಉಪದೇಶವಲ್ಲ. ಆದರೆ ಅಲ್ಲಿಯೇ ನಿಂತುಬಿಟ್ಟರೆ ಪಡೆಯುವವರು ಎಂದೆಂದಿಗೂ ಪಡೆಯುವವರಾಗಿಯೇ ಉಳಿಯುವರು. ಕೊಡುವವರಿಗೆ ತಾವೇನೋ ದೊಡ್ಡವರೆಂಬ ಭ್ರಮೆ ಬೆಳೆಯುವುದು. ನಮ್ಮ ಕೌದಿಗಳ ವಿಷಯದಲ್ಲಿ ನಮಗೂ ಆ ಭ್ರಮೆ ಇದ್ದಿತೆಂದು ಒಪ್ಪಿಕೊಳ್ಳಲು ನಾಚುವುದಿಲ್ಲ. ಬುಕ್ಕಾಪಟ್ಟಣದ ಕಡೆಯ ಹೆಂಗಸರು ಕೌದಿಯನ್ನು ಕಾಣದವರಲ್ಲ. ನಮ್ಮ ಹುಡುಗಿಯರಿಗೆ ಕಲಿಸುವಷ್ಟು ಬಲ್ಲವರು. ಅವರಿಗೆ ಕೊರತೆಯಾಗಿರುವುದು ಬಿಡುವು, ದಾರ, ಉಟ್ಟು ಹರಿದು ಪೂರಾ ಮುಗಿಯುವ ಮುನ್ನ ತೆಗೆದಿರಿಸಬಹುದಾದ ಒಂದೆರಡು ಹಳೆಯ ಸೀರೆ.

ಆದುದರಿಂದ ಈ ವರ್ಷ ಪದ್ಧತಿಯನ್ನು ಸ್ವಲ್ಪ ಬದಲಾಯಿಸಬೇಕೆಂದು ನಿಶ್ಚಯಿಸಿದ್ದೇವೆ. ವೃದ್ಧರಿಗೂ ಬಾಣಂತಿಯರಿಗೂ ಸಿದ್ಧವಾದ ಕೌದಿಗಳು ಎಂದಿನಂತೆ ಹೋಗುವುವು; ಅವುಗಳ ಅಂಚನ್ನು ಈ ಸಾರಿ ನಾವೇ ನೋಡಿ ಪರೀಕ್ಷಿಸುವೆವು. ಉಳಿದಂತೆ ಸೀರೆಗಳನ್ನೂ ಸೂಜಿದಾರಗಳನ್ನೂ ಚೀಲಗಳಲ್ಲಿ ತುಂಬಿ ಒಯ್ದು, ನಮ್ಮ ಹುಡುಗಿಯರು ಅಲ್ಲಿಯ ತಾಯಂದಿರ ಪಕ್ಕದಲ್ಲಿ ಕುಳಿತು ಒಟ್ಟಿಗೆ ಹೊಲಿಯುವರು. ಆ ಕೌದಿಗಳನ್ನು ಯಾರಿಗೆ ಕೊಡಬೇಕೆಂಬುದನ್ನು ಆ ತಾಯಂದಿರೇ ಗೊತ್ತುಮಾಡಲಿ. ಯಾವ ಮನೆಯಲ್ಲಿ ಚಳಿಯಿದೆಯೆಂದು ಬಲ್ಲವರು ಅವರೇ.

ತಮ್ಮಲ್ಲಿ ಹೇಳಿಕೊಳ್ಳುವುದೇನೆಂದರೆ: ಮೆತ್ತಗಾದ ಹತ್ತಿಯ ಸೀರೆ, ಪಂಚೆಗಳನ್ನು ಒಗೆದು, ಒಣಗಿಸಿ, ಶಾಲೆಗೆ ಕಳುಹಿಸಿಕೊಡಿರಿ. ರೇಷ್ಮೆ ನೈಲಾನುಗಳು ಕೌದಿಗೆ ಹೊಂದುವುದಿಲ್ಲ. ಗಟ್ಟಿಯಾದ ದಾರ, ಉದ್ದನೆಯ ಸೂಜಿ, ಕಣ್ಣು ಮಂಜಾದವರಿಗೆ ಒಂದು ಕನ್ನಡಕ, ಇವು ಇನ್ನೂ ಒಳ್ಳೆಯದು. ಹೊಲಿಗೆಯನ್ನು ಮರೆಯದ ಹಳೆಯ ವಿದ್ಯಾರ್ಥಿನಿಯರು ತಾವೇ ಒಂದು ದಿನ ನಮ್ಮೊ೦ದಿಗೆ ಬಂದರೆ ಅದಕ್ಕಿಂತ ಹೆಚ್ಚಿನ ಕಾಣಿಕೆಯಿಲ್ಲ.

ಆ ಅಜ್ಜಿಗೆ ಅಂದು ಸೂಜಿಯನ್ನು ಬಿಟ್ಟು ಬಂದೆವು. ಈ ಸಾರಿ ಆಕೆಯ ಜಗಲಿಯ ಮೇಲೆಯೇ ಮೊದಲ ಕೌದಿಯನ್ನು ಹಾಸಬೇಕೆಂಬುದು ನಮ್ಮ ಆಸೆ. ಅಂಚನ್ನು ಬಿಗಿಯಾಗಿ ಹಿಡಿಯುವುದು ಹೇಗೆಂಬುದನ್ನು ನಮ್ಮ ಹುಡುಗಿಯರೂ ನಾವೂ ಆಕೆಯಿಂದ ಕಲಿಯಬೇಕಾಗಿದೆ.